ಅಪ್ಪಣೆಗಾಗಿ ಕಾದ ತತ್ತಿಗಳು

ಕಟ್ಲಾ, ರೋಹು, ಮೃಗಾಲ್ ಎಂಬ ಮೂರು ಗೆಂಡೆಮೀನುಗಳನ್ನು ಕರ್ನಾಟಕದ ಯಾವ ಕೆರೆಯಲ್ಲಿ ಬಲೆ ಎಳೆಯುವವರನ್ನು ಕೇಳಿದರೂ ಅವರು ಇಂದು ತಮ್ಮೂರಿನವೇ ಎಂಬ ಸಲಿಗೆಯಿಂದ ಹೆಸರಿಸುವರು. ಆದರೆ ಹಾಗೆ ಬಲೆಗೆ ಬಿದ್ದ ಮೀನುಗಳಲ್ಲಿ ಆ ಕೆರೆಯ ನೀರಿನಲ್ಲಿಯೇ ಹುಟ್ಟಿದುದು ಸಾಮಾನ್ಯವಾಗಿ ಒಂದೂ ಇರುವುದಿಲ್ಲ. ಗಂಗೆ, ಬ್ರಹ್ಮಪುತ್ರಾ ಮೊದಲಾದ ಉತ್ತರದ ಮಹಾನದಿಗಳಲ್ಲಿ ಯುಗಯುಗಗಳಿಂದ ಬಾಳಿಬಂದ ಈ ಜಾತಿಗಳು, ನೈಋತ್ಯ ಮಾರುತದ ಮಳೆ ಸುರಿದು, ಹೊಳೆ ಕೆಂಪಾಗಿ ಉಕ್ಕಿ, ದಡ ಮೀರಿ, ತಗ್ಗಿನ ಹೊಲಗದ್ದೆಗಳ ಮೇಲೆ ಹೊಸ ನೀರು ತೆಳುವಾಗಿ ಹರಡಿದಾಗ ಅಲ್ಲಿಗೆ ಏರಿ ಬಂದು, ಗಂಡುಗಳು ಹೆಣ್ಣಿನ ಪಕ್ಕೆಯನ್ನು ತಿವಿಯುತ್ತ ಅಟ್ಟುತ್ತಿರಲು, ಕೆಲವೇ ಗಂಟೆಗಳ ಅವಧಿಯಲ್ಲಿ ಲಕ್ಷಾಂತರ ತತ್ತಿಗಳನ್ನು ಚೆಲ್ಲಿ ಹಿಂದಿರುಗುತ್ತವೆ. ಅದೇ ಮೀನನ್ನು ತಂದು ನಿಂತ ನೀರಿನ ಕೊಳದಲ್ಲಿ ಬಿಟ್ಟರೆ ಅದು ತಿನ್ನುತ್ತದೆ, ಬೆಳೆಯುತ್ತದೆ, ಪ್ರಾಯಕ್ಕೆ ಬರುತ್ತದೆ, ಮಳೆಗಾಲದ ಹೊತ್ತಿಗೆ ಹೆಣ್ಣಿನ ಹೊಟ್ಟೆ ತತ್ತಿಗಳಿಂದ ಬಿರಿಯುವಂತೆ ತುಂಬುತ್ತದೆ. ಕಾರ್ಯ ಅಲ್ಲಿಗೆ ನಿಂತುಹೋಗುತ್ತದೆ. ಮಳೆ ಬಂದು ಹೋದ ತರುವಾಯ, ಹೊರಬಾರದ ತತ್ತಿಗಳು ಅಂಡಾಶಯದೊಳಗೇ ಕರಗಿ, ದೇಹವು ಅವನ್ನು ಮರಳಿ ಹೀರಿಕೊಳ್ಳುತ್ತದೆ.

ಈ ಮೀನು ಬಂಜೆಯಲ್ಲ, ರೋಗಗ್ರಸ್ತವೂ ಅಲ್ಲ. ಅದಕ್ಕೆ ಆಹಾರ ಸಾಲದೆಂದೂ ಹೇಳುವಂತಿಲ್ಲ, ಏಕೆಂದರೆ ಹೊಳೆಯ ಮೀನಿಗಿಂತ ಕೊಳದ ಮೀನು ಎಷ್ಟೋ ವೇಳೆ ಹೆಚ್ಚು ಪುಷ್ಟವಾಗಿರುತ್ತದೆ. ತತ್ತಿ ಬಲಿಯುವುದು ಒಂದು ಕಾರ್ಯ, ಬಲಿತ ತತ್ತಿ ಬಿಡುಗಡೆಯಾಗುವುದು ಬೇರೊಂದೇ ಕಾರ್ಯ. ಮೊದಲನೆಯದು ತಿಂಗಳುಗಟ್ಟಲೆ ಮೌನವಾಗಿ ನಡೆಯುತ್ತದೆ, ಎರಡನೆಯದಕ್ಕೆ ಒಂದು ಅಪ್ಪಣೆ ಬೇಕು. ಆ ಅಪ್ಪಣೆ ಎಲ್ಲಿಂದ ಹೊರಡುತ್ತದೆ, ಅದನ್ನು ಯಾರು ತಡೆದಿರುತ್ತಾರೆ ಎಂಬ ಪ್ರಶ್ನೆಯ ಬೆನ್ನು ಹತ್ತಿದವರು ಇಪ್ಪತ್ತನೆಯ ಶತಮಾನದ ಶರೀರವಿಜ್ಞಾನದ ಅತ್ಯಂತ ಸೊಗಸಾದ ಅಧ್ಯಾಯಗಳಲ್ಲಿ ಒಂದನ್ನು ಬರೆದರು. ಅದರ ಒಂದು ಮುಖ್ಯ ಪುಟ ನಮ್ಮ ದೇಶದಲ್ಲಿಯೇ, ಒಡಿಶಾದ ಒಂದು ಕೊಳದ ಅಂಚಿನಲ್ಲಿ, ಬರೆಯಲ್ಪಟ್ಟಿತು.

ಅದಕ್ಕೆ ಮೊದಲು ಮೀನು ಸಾಕುವವರ ಪಾಡು ಹೇಗಿತ್ತೆಂಬುದನ್ನು ನೆನೆಯಬೇಕು. ಬಂಗಾಳ, ಬಿಹಾರ ಪ್ರಾಂತಗಳ ನದಿಗಳಲ್ಲಿ ಪ್ರವಾಹ ಏರಿದ ದಿನಗಳಲ್ಲಿ ಬೆಸ್ತರು ದಡದ ಉದ್ದಕ್ಕೂ ಕೊಳವೆಯಾಕಾರದ ಸೂಕ್ಷ್ಮ ಬಲೆಗಳನ್ನು ಒಡ್ಡಿ, ನೀರಿನೊಡನೆ ತೇಲಿ ಬರುವ ಕಣ್ಣಿಗೆ ಕಾಣದಷ್ಟು ಸಣ್ಣ ಮರಿಗಳನ್ನು ಸೋಸಿ ಹಿಡಿದು, ಮಣ್ಣಿನ ಹಂಡೆಗಳಲ್ಲಿ ತುಂಬಿ ರೈಲಿನ ಮೂಲಕ ದೂರದೂರದ ಊರುಗಳಿಗೆ ಕಳುಹಿಸುತ್ತಿದ್ದರು. ದಾರಿಯುದ್ದಕ್ಕೂ ಹಂಡೆಯ ನೀರನ್ನು ಕೈಯಿಂದ ಕಲಕುತ್ತ, ಸತ್ತವನ್ನು ತೆಗೆಯುತ್ತ, ನೀರು ಬದಲಿಸುತ್ತ ಹೋದರೂ ಉಳಿದು ತಲುಪುವುದು ಒಂದು ಭಾಗ ಮಾತ್ರ. ತಲುಪಿದುದರಲ್ಲಿಯೂ ಯಾವುದು ಕಟ್ಲಾ, ಯಾವುದು ರೋಹು, ಯಾವುದು ಬೆಳೆದ ಮೇಲೆ ಉಳಿದವನ್ನು ನುಂಗಿಹಾಕುವ ಹಿಂಸ್ರ ಜಾತಿ ಎಂಬುದು ಆ ಗಾತ್ರದಲ್ಲಿ ತಿಳಿಯುತ್ತಿರಲಿಲ್ಲ. ಮಳೆ ಕೈಕೊಟ್ಟ ವರ್ಷ ಮರಿಯೇ ಇಲ್ಲ. ನಾಡಿನ ಕೆರೆಕುಂಟೆಗಳೆಲ್ಲ ನೂರಾರು ಹರದಾರಿ ದೂರದ ನದಿಯೊಂದರ ಕೃಪೆಯನ್ನು ಕಾದು ಕುಳಿತಿದ್ದವೆಂದರೆ ಉತ್ಪ್ರೇಕ್ಷೆಯಲ್ಲ.

ಈಗ ಆ ಅಪ್ಪಣೆ ಎಲ್ಲಿಂದ ಹೊರಡುತ್ತದೆಂಬ ಪ್ರಶ್ನೆಗೆ ಮರಳೋಣ. ಬೆನ್ನೆಲುಬುಳ್ಳ ಪ್ರಾಣಿಗಳೆಲ್ಲಕ್ಕೂ ಮಿದುಳಿನ ಅಡಿಯಲ್ಲಿ, ಬುರುಡೆಯ ತಳದ ಒಂದು ಗುಳಿಯೊಳಗೆ, ಪಿಟ್ಯೂಟರಿ ಎಂಬ ನಿರ್ನಾಳ ಗ್ರಂಥಿ ಇರುತ್ತದೆ. ಮನುಷ್ಯನಲ್ಲಿ ಅದರ ತೂಕ ಸುಮಾರು ಅರ್ಧ ಗ್ರಾಂ; ಕಿಲೋ ಎರಡು ಕಿಲೋ ತೂಗುವ ಗೆಂಡೆಯಲ್ಲಿ ಅದು ಸಾಸಿವೆಯ ಕಾಳಿಗಿಂತ ಹೆಚ್ಚು ದೊಡ್ಡದಲ್ಲ. ಪ್ರಾಚೀನರು ಇದನ್ನು ಮಿದುಳಿನ ಶ್ಲೇಷ್ಮವನ್ನು ಮೂಗಿಗೆ ಇಳಿಸುವ ಅಂಗವೆಂದು ಭಾವಿಸಿದ್ದರು. 1920ರ ದಶಕದಲ್ಲಿ ಅಮೆರಿಕದ ಫಿಲಿಪ್ ಸ್ಮಿತ್ ಇಲಿಯ ಮಿದುಳಿಗೆ ಗಾಯವಾಗದಂತೆ, ಗಂಟಲ ಭಾಗದಿಂದ ಒಳಹೊಕ್ಕು, ಈ ಗ್ರಂಥಿಯೊಂದನ್ನೇ ತೆಗೆದುಹಾಕುವ ಶಸ್ತ್ರಕ್ರಮವನ್ನು ಸಾಧಿಸಿ, ಹಾಗೆ ಮಾಡಿದ ಪ್ರಾಣಿಯ ಅಂಡಾಶಯ ಅಥವಾ ವೃಷಣಗಳು ಕುಗ್ಗಿ ನಿಷ್ಕ್ರಿಯವಾಗುವುದನ್ನೂ, ಗ್ರಂಥಿಯ ಅಂಶವನ್ನು ಮರಳಿ ಕೊಟ್ಟರೆ ಅವು ಚೇತರಿಸಿಕೊಳ್ಳುವುದನ್ನೂ ತೋರಿಸಿದ ಮೇಲೆ, ಸಂತಾನೋತ್ಪತ್ತಿಯ ಸೂತ್ರ ಜನನಾಂಗಗಳಲ್ಲಿಲ್ಲ, ತಲೆಯಲ್ಲಿದೆ ಎಂಬುದು ಸಂಶಯಾತೀತವಾಯಿತು.

ಮೀನಿನ ವಿಷಯದಲ್ಲಿ ಮೊದಲ ಸೂಚನೆ ಬಂದುದು ದಕ್ಷಿಣ ಅಮೆರಿಕದಿಂದ. ಮುಂದೆ ನೊಬೆಲ್ ಪುರಸ್ಕಾರ ಪಡೆದ ಅರ್ಜೆಂಟೀನಾದ ಬರ್ನಾರ್ಡೊ ಹೌಸ್ಸೆ 1930ರಲ್ಲಿ ಮರಿಹಾಕುವ ಜಾತಿಯ ಒಂದು ಸಣ್ಣ ಮೀನಿಗೆ ಮತ್ತೊಂದು ಮೀನಿನ ಪಿಟ್ಯೂಟರಿಯನ್ನು ಚುಚ್ಚಿ ಅವಧಿಗೆ ಮುನ್ನ ಪ್ರಸವವಾಗುವುದನ್ನು ಕಂಡರು. ಅದರ ಬೆನ್ನಿಗೇ ಬ್ರೆಜಿಲಿನಲ್ಲಿ ರೊಡೊಲ್ಫೊ ಫಾನ್ ಇಹೆರಿಂಗ್, ಬರಪೀಡಿತವಾದ ಈಶಾನ್ಯ ಪ್ರಾಂತದ ಕೆರೆಗಳಿಗೆ ಮೀನು ಬೇಕೆಂಬ ಒತ್ತಾಯದಿಂದ, ಇದೇ ಉಪಾಯವನ್ನು ಕೃಷಿಯ ಸಾಧನವನ್ನಾಗಿ ಮಾಡಿದರು. ರಷ್ಯದಲ್ಲಿ ಗೆರ್ಬಿಲ್‌ಸ್ಕಿ ಸ್ಟರ್ಜನ್ ಮೀನಿನಲ್ಲಿ ಅದನ್ನು ಬೆಳೆಸಿದರು. ಭಾರತದಲ್ಲಿ 1930ರ ದಶಕದ ಕೊನೆಗೆ ಹಮೀದ್ ಖಾನ್ ಎಂಬವರು ಮೃಗಾಲ್ ಮೀನಿಗೆ ಸಸ್ತನಿಗಳ ಪಿಟ್ಯೂಟರಿಯ ಸಾರವನ್ನು ಕೊಟ್ಟು ನೋಡಿದುದುಂಟು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಬೋಧಿಸಿದ್ದ ಎಲ್. ಎಸ್. ರಾಮಸ್ವಾಮಿ ಮತ್ತು ಅವರೊಡನೆ ಕೆಲಸಮಾಡಿದ ಬಿ. ಐ. ಸುಂದರರಾಜ್ ಇವರು ಕುಟುಕುವ ಮುಳ್ಳುಳ್ಳ ಚೇಳುಮೀನಿನಲ್ಲಿ ಪಿಟ್ಯೂಟರಿಯಿಂದ ತತ್ತಿಯಿಡಿಸಿದ ವಾರ್ತೆ 1956ರ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ನಮ್ಮವರು ಈ ಹೆಸರುಗಳನ್ನು ಅಷ್ಟಾಗಿ ಸ್ಮರಿಸದಿರುವುದು ನನಗೆ ವ್ಯಸನದ ಸಂಗತಿ.

ಆದರೆ ನಾಡಿನ ಊಟದ ಮೀನು ಗೆಂಡೆ. ಅದು ಇನ್ನೂ ಒಲಿದಿರಲಿಲ್ಲ. ಸಿಲ್ಹೆಟ್ ಜಿಲ್ಲೆಯಲ್ಲಿ 1921ರಲ್ಲಿ ಹುಟ್ಟಿದ ಹೀರಾಲಾಲ್ ಚೌಧುರಿ ಕಟಕದ ಮೀನುಕೃಷಿ ಸಂಶೋಧನಾ ವಿಭಾಗದಲ್ಲಿ, ಕೆ. ಎಚ್. ಅಲಿಕುಂಞಿಯವರ ಜೊತೆಗೆ, ಈ ಕಾರ್ಯದಲ್ಲಿ ತೊಡಗಿ, 1957ರ ಜುಲೈ 10ರಂದು ಒಡಿಶಾದ ಅಂಗುಲದಲ್ಲಿ, ಗೆಂಡೆಯ ಪಿಟ್ಯೂಟರಿಯನ್ನು ಗೆಂಡೆಗೇ ಚುಚ್ಚಿ, ಹೊಳೆಯಿಲ್ಲದ ನೀರಿನಲ್ಲಿ ಅದು ತತ್ತಿಯಿಡುವಂತೆ ಮಾಡಿದರು. ದೇಶದಲ್ಲಿ ಆ ದಿನವನ್ನು ಇಂದಿಗೂ ಮೀನು ಕೃಷಿಕರ ದಿನವೆಂದು ಆಚರಿಸುತ್ತಾರೆ. ಸಸ್ತನಿಯ ಗ್ರಂಥಿ ವಿಫಲವಾದಲ್ಲಿ ಮೀನಿನ ಗ್ರಂಥಿ ಸಫಲವಾಗಲು ಕಾರಣವಿದೆ: ಈ ಹಾರ್ಮೋನುಗಳು ಪ್ರೋಟೀನುಗಳು, ಅವುಗಳ ರಚನೆ ಜಾತಿಯಿಂದ ಜಾತಿಗೆ ಬದಲಾಗುತ್ತದೆ, ಅಂಡಾಶಯದ ಮೇಲಿನ ಗ್ರಾಹಕಗಳು ತಮಗೆ ಸಮೀಪದ ಬಂಧುವಿನ ಹಾರ್ಮೋನನ್ನೇ ಹೆಚ್ಚು ಮನ್ನಿಸುತ್ತವೆ.

ಆ ಕೆಲಸ ನಡೆಯುವ ಬಗೆಯನ್ನು ಹತ್ತಿರದಿಂದ ನೋಡುವುದು ಉಚಿತ. ಹೊಸದಾಗಿ ಹಿಡಿದ, ಪ್ರಾಯಕ್ಕೆ ಬಂದ ಗೆಂಡೆಯ ತಲೆಯ ಮೇಲುಭಾಗವನ್ನು ಕತ್ತಿಯಿಂದ ಓರೆಯಾಗಿ ಕೊಯ್ದು ತೆರೆದು, ಬೂದುಬಣ್ಣದ ಕೊಬ್ಬನ್ನು ಹತ್ತಿಯಿಂದ ಒರಸಿ, ಮಿದುಳನ್ನು ಹಿಂಬದಿಯಿಂದ ನಿಧಾನವಾಗಿ ಎತ್ತಿದರೆ, ಬುರುಡೆಯ ನೆಲದ ಮೇಲೆ, ತೆಳುವಾದ ಪೊರೆಯೊಂದರ ಕೆಳಗೆ, ಕೆನೆಬಿಳುಪಿನ ಒಂದು ಕಾಳು ಉಳಿದಿರುತ್ತದೆ. ಪೊರೆಯನ್ನು ಹರಿದು, ಚಿಮುಟದಿಂದ ಅದನ್ನು ಒಡೆಯದಂತೆ ತೆಗೆದು, ನೀರಿಲ್ಲದ ಶುದ್ಧ ಮದ್ಯಸಾರದಲ್ಲಿ ಹಾಕಿಡಬೇಕು; ಮದ್ಯಸಾರ ಅದರ ನೀರನ್ನೂ ಕೊಬ್ಬನ್ನೂ ಹೀರಿ, ತಿಂಗಳುಗಟ್ಟಲೆ ಕೆಡದಂತೆ ಕಾಯುತ್ತದೆ. ಬೇಕಾದ ದಿನ ಅವನ್ನು ತೂಗಿ, ಗಾಜಿನ ಕೊಳವೆಯಲ್ಲಿ ಬಟ್ಟಿಯಿಳಿಸಿದ ನೀರಿನೊಡನೆ ಅರೆದು, ಕಸವನ್ನು ತಳಕ್ಕೆ ಕೂರಿಸಿ ಮೇಲಿನ ತಿಳಿಯನ್ನು ಸೂಜಿಗೆ ತುಂಬುತ್ತಾರೆ. ಒಂದು ಹೆಣ್ಣಿಗೆ ಬೇಕಾದ ಪ್ರಮಾಣಕ್ಕಾಗಿ ಹಲವು ಮೀನುಗಳ ತಲೆ ಕೊಯ್ಯಬೇಕಾಗುತ್ತಿತ್ತೆಂಬುದನ್ನು ಮರೆಯಲಾಗದು.

ಜೋಡಿಯನ್ನು ಆರಿಸುವುದರಲ್ಲಿಯೇ ಅರ್ಧ ವಿದ್ಯೆ ಅಡಗಿದೆ. ಗಂಡಿನ ಎದೆಯ ಈಜುರೆಕ್ಕೆಯ ಮೇಲ್ಮೈಯನ್ನು ಬೆರಳಿನಿಂದ ಸವರಿದರೆ ಒರಟಾಗಿರುತ್ತದೆ, ಹೊಟ್ಟೆಯನ್ನು ಮೆಲ್ಲಗೆ ಒತ್ತಿದರೆ ಹಾಲಿನಂಥ ಶುಕ್ರರಸ ಜಿನುಗುತ್ತದೆ. ಹೆಣ್ಣಿನ ರೆಕ್ಕೆ ನುಣುಪು, ಹೊಟ್ಟೆ ಮೆತ್ತಗೆ ಉಬ್ಬಿ, ದ್ವಾರ ಕೆಂಪೇರಿರುತ್ತದೆ. ಸಂಜೆಯ ಹೊತ್ತಿಗೆ ಹೆಣ್ಣಿಗೆ ಕಿಲೋ ತೂಕಕ್ಕೆ 2ರಿಂದ 3 ಮಿಲಿಗ್ರಾಂ ಗ್ರಂಥಿಯ ಮೊದಲ ಚುಚ್ಚುಮದ್ದು. 6 ಗಂಟೆ ಕಳೆದು 5ರಿಂದ 8 ಮಿಲಿಗ್ರಾಮಿನ ಎರಡನೆಯದು. ಆಗಲೇ ಗಂಡಿಗೆ 2ರಿಂದ 3 ಮಿಲಿಗ್ರಾಮಿನ ಒಂದೇ ಚುಚ್ಚು. ಒಂದು ಹೆಣ್ಣು, ಎರಡು ಗಂಡು, ಕೊಳದ ನೀರಿನಲ್ಲಿ ಗೂಟಗಳಿಗೆ ಕಟ್ಟಿದ ಬಟ್ಟೆಯ ಪೆಟ್ಟಿಗೆಯಂಥ ಹಾಪಾದೊಳಗೆ. ಅಲ್ಲಿಂದ 3ರಿಂದ 6 ಗಂಟೆಗಳೊಳಗೆ, ನಸುಕಿನ ಕತ್ತಲಲ್ಲಿ, ಹಾಪಾದ ನೀರು ಬಡಿದಾಡುವ ಸದ್ದು ಏಳುತ್ತದೆ. ಬೆಳಕು ಹರಿದಾಗ ಬಟ್ಟೆಯ ಅಂಚಿಗೆಲ್ಲ ನೀರು ಕುಡಿದು ಉಬ್ಬಿದ, ಮುತ್ತಿನಂತೆ ಪಾರದರ್ಶಕವಾದ ತತ್ತಿಗಳು ತುಂಬಿರುತ್ತವೆ. 27 ಡಿಗ್ರಿಯಷ್ಟು ಬೆಚ್ಚಗಿನ ನೀರಿನಲ್ಲಿ 14ರಿಂದ 20 ಗಂಟೆಗಳಲ್ಲಿ ಅವು ಒಡೆದು ಮರಿಯಾಗುತ್ತವೆ.

ಈಗ ದೇಹದೊಳಗೆ ಏನಾಯಿತೆಂಬುದನ್ನು ವಿಚಾರಿಸೋಣ. ಪಿಟ್ಯೂಟರಿಯು ಜನನಾಂಗಗಳಿಗೆ ಎರಡು ಹಾರ್ಮೋನುಗಳನ್ನು ಕಳುಹಿಸುತ್ತದೆ. ಎಫ್.ಎಸ್.ಎಚ್. ಎಂದು ಹೆಸರಾದ ಮೊದಲನೆಯದು ಬೆಳವಣಿಗೆಯ ತಿಂಗಳುಗಳಲ್ಲಿ ಮುಖ್ಯವಾದುದು. ಅದರ ಪ್ರೇರಣೆಯಿಂದ ಅಂಡಾಶಯವು ಈಸ್ಟ್ರಡಯೋಲ್ ಎಂಬ ಸ್ಟಿರಾಯ್ಡನ್ನು ಹೊರಡಿಸುತ್ತದೆ, ಆ ಸ್ಟಿರಾಯ್ಡು ಯಕೃತ್ತಿಗೆ ಹೋಗಿ ವೈಟೆಲ್ಲೋಜೆನಿನ್ ಎಂಬ ಪೋಷಕ ಪ್ರೋಟೀನನ್ನು ತಯಾರಿಸುವಂತೆ ಮಾಡುತ್ತದೆ, ರಕ್ತದಲ್ಲಿ ಹರಿದು ಬಂದ ಆ ಪ್ರೋಟೀನನ್ನು ತತ್ತಿಗಳು ಹೀರಿ ಮುಂದಿನ ಮರಿಯ ಬುತ್ತಿಯನ್ನು ಕಟ್ಟಿಕೊಳ್ಳುತ್ತವೆ. ತತ್ತಿಯ ಬುತ್ತಿ ತಾಯಿಯ ಯಕೃತ್ತಿನಲ್ಲಿ ತಯಾರಾಗುತ್ತದೆಂಬ ಈ ಸಂಗತಿ ಓದಿದಾಗಲೆಲ್ಲ ನನ್ನಲ್ಲಿ ವಿಸ್ಮಯವನ್ನು ಹುಟ್ಟಿಸುತ್ತದೆ. ಕೊಳದ ಮೀನಿನಲ್ಲಿ ಇದೆಲ್ಲವೂ ಯಥಾವತ್ತಾಗಿ ನಡೆಯುತ್ತದೆ. ಎಲ್.ಎಚ್. ಎಂಬ ಎರಡನೆಯ ಹಾರ್ಮೋನಿನ ಕೆಲಸ ಬೇರೆ ಬಗೆಯದು. ಅದು ಕೊನೆಯಲ್ಲಿ, ಒಮ್ಮೆಲೇ, ಮಹಾಪೂರದಂತೆ ಬರಬೇಕು. ಬಂದಾಗ ತತ್ತಿಯನ್ನು ಸುತ್ತುವರಿದ ಎರಡು ಪದರದ ಜೀವಕೋಶಗಳಲ್ಲಿ ಹೊರಗಿನದು ಒಂದು ಪೂರ್ವರೂಪವನ್ನು ತಯಾರಿಸಿ ಒಳಗಿನದಕ್ಕೆ ಕೊಡುತ್ತದೆ, ಒಳಗಿನದು ಅದನ್ನು ಮತ್ತೊಂದು ಸ್ಟಿರಾಯ್ಡಾಗಿ ಮಾರ್ಪಡಿಸುತ್ತದೆ, ಆ ಸ್ಟಿರಾಯ್ಡು ಮುಟ್ಟಿದೊಡನೆ ತತ್ತಿಯ ನಡುವೆ ಇದ್ದ ಕೋಶಕೇಂದ್ರ ಅಂಚಿಗೆ ಸರಿದು, ಅದರ ಪೊರೆ ಕರಗಿ, ತತ್ತಿ ಫಲಿತವಾಗಲು ಸಿದ್ಧವಾಗಿ ಹೊರಬೀಳುತ್ತದೆ. ಈ ಎರಡು ಪದರಗಳ ಸಹಕಾರವನ್ನು ಸಾಲ್ಮನ್ ಜಾತಿಯ ಮೀನುಗಳಲ್ಲಿ ಬಿಡಿಸಿ ತೋರಿಸಿದವರು ಜಪಾನಿನ ಯೋಶಿತಾಕ ನಾಗಹಾಮ ಮತ್ತು ಅವರ ಸಂಗಡಿಗರು. ಚೌಧುರಿಯವರ ಸೂಜಿಯಲ್ಲಿದ್ದುದು ಈ ಎರಡನೆಯ ಹಾರ್ಮೋನಿನ ಮಹಾಪೂರ: ಬೇರೆ ಮೀನುಗಳ ತಲೆಯಿಂದ ತಂದ, ಎರವಲು ಅಪ್ಪಣೆ.

ಹಾಗಾದರೆ ಕೊಳದ ಮೀನಿನ ಸ್ವಂತ ಪಿಟ್ಯೂಟರಿ ಬರಿದಾಗಿತ್ತೇ? ಬಹುಕಾಲ ಹಾಗೆಂದು ಊಹಿಸುವುದು ಸುಲಭವಾಗಿತ್ತು. ಆದರೆ ಕೊಯ್ದು ನೋಡಿದವರಿಗೆ ಕಂಡುದು ಬೇರೆ, ಗ್ರಂಥಿ ಎಲ್.ಎಚ್.ನಿಂದ ತುಂಬಿಯೇ ಇತ್ತು. ತತ್ತಿಗಳು ಕಾಯುತ್ತಿದ್ದಂತೆಯೇ ಗ್ರಂಥಿಯೂ ಕಾಯುತ್ತಿತ್ತು.

ಈ ಕಾಯುವಿಕೆಯ ಮರ್ಮ ತಿಳಿದುದು ಸುತ್ತುದಾರಿಯಿಂದ. ಇಂಗ್ಲೆಂಡಿನ ಜೆಫ್ರಿ ಹ್ಯಾರಿಸ್, ಪಿಟ್ಯೂಟರಿಯು ಸ್ವತಂತ್ರ ಪ್ರಭುವಲ್ಲ, ಅದರ ಮೇಲಿರುವ ಹೈಪೋಥಲಾಮಸ್ ಎಂಬ ಮಿದುಳಿನ ಭಾಗ ಸೂಕ್ಷ್ಮ ರಕ್ತನಾಳಗಳ ಮೂಲಕ ರಾಸಾಯನಿಕ ಸಂದೇಶ ಕಳುಹಿಸಿ ಅದನ್ನು ನಡೆಸುತ್ತದೆ ಎಂದು ವಾದಿಸುತ್ತಿದ್ದರು. 1952ರಲ್ಲಿ ಅವರೂ ಡೋರಾ ಜೇಕಬ್‌ಸನ್ನರೂ ಪಿಟ್ಯೂಟರಿ ಕಳೆದುಕೊಂಡ ಹೆಣ್ಣಿಲಿಗಳಿಗೆ ಬೇರೆ ಗ್ರಂಥಿಯನ್ನು ನಾಟಿಮಾಡಿದರು. ಹೈಪೋಥಲಾಮಸ್ಸಿನ ಕೆಳಗೇ ನಾಟಿಮಾಡಿದಾಗ ನಾಳಗಳು ಕೂಡಿಕೊಂಡು ಇಲಿಗಳಿಗೆ ಋತುಚಕ್ರ ಮರಳಿತು. ಅದೇ ಗ್ರಂಥಿಯನ್ನು ಮಿದುಳಿನ ಪಕ್ಕದ ಹಾಲೆಯ ಕೆಳಗೆ ಇಟ್ಟಾಗ, ರಕ್ತ ಹರಿದರೂ, ಅದು ಮೂಕವಾಗಿಯೇ ಉಳಿಯಿತು. ಇದಕ್ಕಿಂತ ಸ್ಫುಟವಾದ ಪ್ರಯೋಗ ಶರೀರವಿಜ್ಞಾನದಲ್ಲಿ ವಿರಳ. ಆ ಸಂದೇಶವಾಹಕವನ್ನು ಹುಡುಕಲು ಆಂಡ್ರ್ಯೂ ಶಾಲಿಯವರ ತಂಡ ಲಕ್ಷಕ್ಕೂ ಮೀರಿದ ಹಂದಿಗಳ, ರೋಜರ್ ಗಿಯೆಮಿನ್ ತಂಡ ಅಸಂಖ್ಯ ಕುರಿಗಳ ಹೈಪೋಥಲಾಮಸ್ಸುಗಳನ್ನು ಅರೆದು, 1971ರಲ್ಲಿ ಅದು ಕೇವಲ ಹತ್ತು ಅಮೈನೋ ಆಮ್ಲಗಳ ಒಂದು ಸರಪಣಿ ಎಂದು ಕಂಡುಕೊಂಡವು. ಜಿ.ಎನ್.ಆರ್.ಎಚ್. ಎಂಬುದು ಅದರ ಈಗಿನ ಹೆಸರು. 1977ರ ನೊಬೆಲ್ ಇವರಿಬ್ಬರಿಗೂ, ಹಾರ್ಮೋನುಗಳನ್ನು ಅಳೆಯುವ ವಿಧಾನ ಕೊಟ್ಟ ರೋಸಲಿನ್ ಯಾಲೋ ಅವರಿಗೂ ಹಂಚಿಕೆಯಾಯಿತು. ಮೂಳೆಯುಳ್ಳ ಮೀನುಗಳಲ್ಲಿ ಒಂದು ವಿಶೇಷವುಂಟು: ಅಲ್ಲಿ ಹೈಪೋಥಲಾಮಸ್ಸಿನ ನರತಂತುಗಳು ರಕ್ತನಾಳವನ್ನು ಆಶ್ರಯಿಸದೆ ನೇರವಾಗಿ ಪಿಟ್ಯೂಟರಿಯೊಳಗೆ ಇಳಿದು, ಜೀವಕೋಶದ ಬಾಗಿಲಲ್ಲಿಯೇ ಸಂದೇಶವನ್ನು ಒಪ್ಪಿಸುತ್ತವೆ.

ಇಷ್ಟು ತಿಳಿದ ಮೇಲೆ, ಪಿಟ್ಯೂಟರಿಗಾಗಿ ಮೀನುಗಳ ತಲೆ ಕೊಯ್ಯುವ ಬದಲು ಜಿ.ಎನ್.ಆರ್.ಎಚ್. ಅನ್ನೇ ಕೃತಕವಾಗಿ ತಯಾರಿಸಿ ಚುಚ್ಚಿದರೆ ಸಾಕಲ್ಲವೇ ಎಂದು ಯಾರಿಗಾದರೂ ತೋರುತ್ತದೆ. ಚುಚ್ಚಿ ನೋಡಿದರು, ಗೆಂಡೆಯ ಕುಲದ ಮೀನುಗಳಲ್ಲಿ ಫಲ ಅತ್ಯಲ್ಪವಾಗಿತ್ತು. ಅಪ್ಪಣೆ ಬಾಗಿಲಿಗೆ ಬಂದು ತಟ್ಟುತ್ತಿತ್ತು, ಬಾಗಿಲು ತೆರೆಯುತ್ತಿರಲಿಲ್ಲ. ಕೆನಡದ ಆಲ್ಬರ್ಟಾ ವಿಶ್ವವಿದ್ಯಾನಿಲಯದ ರಿಚರ್ಡ್ ಪೀಟರ್ 1980ರ ಸುಮಾರಿಗೆ ಚಿನ್ನದ ಮೀನಿನ ಹೈಪೋಥಲಾಮಸ್ಸಿನ ಸಮೀಪದ ಒಂದು ಸಣ್ಣ ಪ್ರದೇಶವನ್ನು ನಾಶಪಡಿಸಿದಾಗ, ನಿರೀಕ್ಷೆಗೆ ವಿರುದ್ಧವಾಗಿ, ಎಲ್.ಎಚ್. ಉಕ್ಕಿ ಮೀನು ತತ್ತಿ ಬಿಡುವುದನ್ನು ಕಂಡರು. ಮಿದುಳಿನ ಭಾಗವೊಂದು ಹೋದಾಗ ಹಾರ್ಮೋನು ಹೆಚ್ಚಿದರೆ, ಆ ಭಾಗ ಇದ್ದಾಗ ಮಾಡುತ್ತಿದ್ದ ಕೆಲಸ ತಡೆಯುವುದೇ ಆಗಿರಬೇಕು. ತಡೆಯುತ್ತಿದ್ದ ದ್ರವ್ಯ ಡೋಪಮೈನ್. ಸಸ್ತನಿಗಳಲ್ಲಿ ಇದೇ ಡೋಪಮೈನ್ ಪಿಟ್ಯೂಟರಿಯ ಮತ್ತೊಂದು ಹಾರ್ಮೋನಾದ ಪ್ರೊಲ್ಯಾಕ್ಟಿನ್ನಿಗೆ ಕಡಿವಾಣ ಹಾಕುತ್ತದೆ. ಗೆಂಡೆಯಲ್ಲಿ ಅದು ಎಲ್.ಎಚ್.ಗೂ ಕಾವಲು ಕುಳಿತಿದೆ.

ಕೊಳದ ಹೆಣ್ಣುಮೀನಿನ ಸಮಸ್ಯೆ ಇಲ್ಲಿ ಹೊಸ ಬೆಳಕಿನಲ್ಲಿ ಕಾಣುತ್ತದೆ. ಅವಳಿಗೆ ಏನೂ ಕೊರತೆಯಿಲ್ಲ. ತತ್ತಿ ಇದೆ, ಹಾರ್ಮೋನು ಇದೆ, ಹಾರ್ಮೋನನ್ನು ತಡೆದು ಹಿಡಿದ ಒಂದು ವಿವೇಕವೂ ಇದೆ. ಹರಿವಿಲ್ಲದ, ಹೊಸ ನೀರಿಲ್ಲದ, ಮರಿಗಳಿಗೆ ಆಶ್ರಯವಾಗುವ ತಗ್ಗುಪ್ರದೇಶವಿಲ್ಲದ ಜಾಗದಲ್ಲಿ ತತ್ತಿ ಚೆಲ್ಲುವುದು ಸಂತಾನವನ್ನು ವ್ಯರ್ಥಮಾಡಿದಂತೆ. ಮಳೆ, ಪ್ರವಾಹ, ನೀರಿನ ತಂಪು, ಸುತ್ತಲಿನ ಗಂಡುಗಳ ಸಾನ್ನಿಧ್ಯ ಇವೆಲ್ಲವುಗಳ ಸಾಕ್ಷ್ಯ ಕೂಡಿ ಬಂದಾಗ ಮಾತ್ರ ಮಿದುಳು ಡೋಪಮೈನಿನ ತಡೆಯನ್ನು ಸಡಿಲಿಸುತ್ತದೆ. ಅದನ್ನು ಮೀನಿನ ದೋಷವೆಂದು ಕಾಣದೆ ಮುಂದಾಲೋಚನೆಯೆಂದು ಕಾಣಬೇಕೆಂಬುದು ನನ್ನ ಮತ. ಸಾಮಾನ್ಯ ಗೆಂಡೆ ಎಂಬ ಹೊರನಾಡಿನ ಬಂಧು ನಿಂತ ನೀರಿನಲ್ಲಿಯೇ ಜಲಸಸ್ಯಗಳಿಗೆ ತತ್ತಿಗಳನ್ನು ಅಂಟಿಸಿ ಮರಿಮಾಡುತ್ತದೆ. ಅದರ ತತ್ತಿಗೆ ಹೊಳೆಯ ಹಂಗಿಲ್ಲ, ಆದುದರಿಂದ ಅದರ ಮಿದುಳು ಹೊಳೆಯನ್ನು ಕಾಯುವುದೂ ಇಲ್ಲ.

ಪೀಟರ್ ಮತ್ತು ಚೀನಾದ ಗ್ವಾಂಗ್‌ಝೌವಿನ ಲಿನ್ ಹಾವೊರಾನ್ ಇಬ್ಬರೂ ಕೂಡಿ ಕಂಡ ಉಪಾಯ ಈ ತಿಳಿವಳಿಕೆಯಿಂದಲೇ ಹುಟ್ಟಿತು: ಜಿ.ಎನ್.ಆರ್.ಎಚ್.ನ ಕೃತಕ ರೂಪದೊಂದಿಗೆ ಡೋಪಮೈನನ್ನು ನಿರಸನಗೊಳಿಸುವ ಔಷಧವನ್ನು ಬೆರೆಸಿ ಕೊಡುವುದು. ಅವರಿಬ್ಬರ ಹೆಸರಿನ ಮೊದಲ ಅಕ್ಷರಗಳಿಂದ ಅದಕ್ಕೆ ಲಿನ್ಪೆ ವಿಧಾನವೆಂದು ಹೆಸರು. ಓವಾಪ್ರಿಮ್ ಎಂಬ ಸಿದ್ಧೌಷಧ ಇದರ ವ್ಯಾಪಾರರೂಪ. ಅದರ ಒಂದು ಮಿಲಿಲೀಟರಿನಲ್ಲಿ ಸಾಲ್ಮನ್ ಮೀನಿನ ಜಿ.ಎನ್.ಆರ್.ಎಚ್.ನ ಅನುರೂಪ 20 ಮೈಕ್ರೋಗ್ರಾಂ ಮತ್ತು ಡಾಂಪೆರಿಡೋನ್ 10 ಮಿಲಿಗ್ರಾಂ ಇರುತ್ತದೆ. ವಾಂತಿಗೆಂದು ವೈದ್ಯರು ನಮಗೆ ಬರೆದುಕೊಡುವ ಡಾಂಪೆರಿಡೋನೇ ಇದು. ಎರಡು ಚುಚ್ಚಿನ ಬದಲು ಒಂದೇ ಚುಚ್ಚು ಸಾಕು, ತಣ್ಣನೆಯ ಕಪಾಟು ಬೇಡ, ತಲೆ ಕೊಯ್ಯುವುದು ಬೇಡ. ಮಂಗಳೂರಿನ ಮೀನುಗಾರಿಕೆ ಕಾಲೇಜಿನ ಎಂ. ಸಿ. ನಂದೀಶ ಮತ್ತು ಅವರ ಸಹೋದ್ಯೋಗಿಗಳು ಭಾರತದ ಗೆಂಡೆಗಳ ಮೇಲೆ ಇದನ್ನು ಪರೀಕ್ಷಿಸಿ 1990ರಲ್ಲಿ ಫಲಿತಾಂಶ ಪ್ರಕಟಿಸಿದ ಮೇಲೆ ಅದು ದೇಶದಲ್ಲೆಲ್ಲ ಬಳಕೆಗೆ ಬಂದಿತು. ಚೌಧುರಿಯವರ ವಿಧಾನಕ್ಕೂ ಇದಕ್ಕೂ ಇರುವ ಭೇದವನ್ನು ಗಮನಿಸಬೇಕು: ಮೊದಲನೆಯದರಲ್ಲಿ ಮೀನು ಪರರ ಹಾರ್ಮೋನಿನಿಂದ ತತ್ತಿಯಿಟ್ಟಿತು, ಇದರಲ್ಲಿ ತನ್ನದೇ ಹಾರ್ಮೋನಿನಿಂದ ಇಡುತ್ತದೆ.

ಇಂದು ಭದ್ರಾ ಜಲಾಶಯದ ಬಿ.ಆರ್.ಪಿ.ಯಂಥ ಮೀನುಮರಿ ಕೇಂದ್ರಗಳಲ್ಲಿ ಜೂನ್‌ನಿಂದಾಚೆಗೆ ಕೋಟಿಗಟ್ಟಲೆ ಮರಿಗಳು ಸಿಮೆಂಟಿನ ತೊಟ್ಟಿಗಳಲ್ಲಿ ಹುಟ್ಟುತ್ತವೆ. ವೃತ್ತಾಕಾರದ ತೊಟ್ಟಿಯಲ್ಲಿ ಕೊಳವೆಗಳಿಂದ ನೀರನ್ನು ಓರೆಯಾಗಿ ಹಾಯಿಸಿ ಹೊಳೆಯ ಸುಳಿಯನ್ನು ಅನುಕರಿಸುವುದರಿಂದ ತತ್ತಿಗಳು ತಳ ಸೇರದೆ ತೇಲುತ್ತಿರುತ್ತವೆ. ಬಂಗಾಳದಿಂದ ಹಂಡೆ ಬರುವುದನ್ನು ಕಾಯುವ ಕಾಲ ಕಳೆಯಿತು.

ಆದರೆ ಸುಲಭವಾದ ಸಂತಾನಕ್ಕೂ ಒಂದು ಅಪಾಯವುಂಟು. ಹೊಳೆಯಲ್ಲಿ ಸಾವಿರಾರು ಮೀನುಗಳು ಕೂಡುವಲ್ಲಿ, ಕೇಂದ್ರದಲ್ಲಿ ಕೆಲವೇ ಜೋಡಿಗಳಿಂದ ಲಕ್ಷಾಂತರ ಮರಿ ಸಿಗುತ್ತದೆ. ರೋಹುವಿನ ಒಂದೊಂದು ಹೆಣ್ಣು ಕಿಲೋ ತೂಕಕ್ಕೆ ಸುಮಾರು 2 ಲಕ್ಷ ತತ್ತಿ ಕೊಡುವಾಗ ಹೆಚ್ಚು ಹೆಣ್ಣುಗಳನ್ನು ಸಾಕುವ ಅಗತ್ಯವೇ ಕಾಣುವುದಿಲ್ಲ. ಆ ಮರಿಗಳೇ ಬೆಳೆದು ಮುಂದಿನ ತಲೆಮಾರಿನ ತಾಯ್ತಂದೆಗಳಾಗುತ್ತವೆ. ಎ. ಇ. ಏಕನಾಥ್ ಮತ್ತು ರೋಜರ್ ಡಾಯ್ಲ್ 1990ರಲ್ಲಿ ಕರ್ನಾಟಕದ ಮೀನುಮರಿ ಕೇಂದ್ರಗಳನ್ನೇ ಪರಿಶೀಲಿಸಿ, ರಕ್ತಸಂಬಂಧಿಗಳ ನಡುವಣ ಕೂಡಿಕೆಯಿಂದ ತಳಿ ಕ್ಷೀಣಿಸುವ ಭಯವನ್ನು ಲೆಕ್ಕಹಾಕಿ ತೋರಿಸಿದರು. ಬೇರೆ ಬೇರೆ ಜಾತಿಗಳಿಗೆ ಏಕಕಾಲದಲ್ಲಿ ಚುಚ್ಚಿ ಒಂದೇ ತೊಟ್ಟಿಗೆ ಬಿಟ್ಟಾಗ ಕಟ್ಲಾ–ರೋಹು ಮಿಶ್ರಸಂತಾನ ಹುಟ್ಟುವುದೂ ಉಂಟು. ಹೊಳೆಯಲ್ಲಿ ವಿರಳವಾಗಿದ್ದುದು ತೊಟ್ಟಿಯಲ್ಲಿ ಸಾಮಾನ್ಯವಾಗಿಬಿಡುತ್ತದೆ. ಮೀನುಕೃಷಿಯ ಅಧಿಕಾರಿಗಳು ಮರಿಗಳ ಸಂಖ್ಯೆಯನ್ನು ಎಷ್ಟು ಶ್ರದ್ಧೆಯಿಂದ ದಾಖಲಿಸುತ್ತಾರೋ ಅಷ್ಟೇ ಶ್ರದ್ಧೆಯಿಂದ ತಾಯ್ತಂದೆಗಳ ವಂಶಾವಳಿಯನ್ನೂ ದಾಖಲಿಸಬೇಕೆಂದು ನಾನು ಬಲವಾಗಿ ನಂಬುತ್ತೇನೆ.

ಇದಕ್ಕೆ ದಾರಿ ಇಲ್ಲದಿಲ್ಲ. ಭುವನೇಶ್ವರದ ಸಿಹಿನೀರಿನ ಜಲಕೃಷಿ ಸಂಸ್ಥೆಯವರು ನಾರ್ವೆಯ ತಳಿಶಾಸ್ತ್ರಜ್ಞರ ನೆರವಿನಿಂದ 1992ರಲ್ಲಿ ರೋಹುವಿನ ತಳಿ ಸುಧಾರಣೆಗೆ ಕೈಹಾಕಿದಾಗ ಮೊದಲು ಮಾಡಿದ ಕೆಲಸವೆಂದರೆ ಗಂಗೆ, ಯಮುನೆ, ಬ್ರಹ್ಮಪುತ್ರಾ, ಸತ್ಲಜ್, ಗೋಮತಿ ನದಿಗಳಿಂದ ಕಾಡುಮೀನುಗಳನ್ನು ತರಿಸಿ, ಕೇಂದ್ರದ ಸಾಕುಮೀನುಗಳೊಡನೆ ಸೇರಿಸಿ, ಪ್ರತಿಯೊಂದು ಕುಟುಂಬದ ಮರಿಗಳನ್ನೂ ಬೇರೆಬೇರೆಯಾಗಿ ಗುರುತಿಟ್ಟು ಬೆಳೆಸಿದುದು. ಹಾಗೆ ಆರಿಸಿ ಪಡೆದ ‘ಜಯಂತಿ’ ರೋಹು, ತಲೆಮಾರಿನಿಂದ ತಲೆಮಾರಿಗೆ ಹೆಚ್ಚು ವೇಗವಾಗಿ ಬೆಳೆಯುವ ತಳಿಯಾಗಿ, ಸ್ವಾತಂತ್ರ್ಯದ ಐವತ್ತನೆಯ ವರ್ಷವಾದ 1997ರಲ್ಲಿ ರೈತರ ಕೈ ಸೇರಿತು. ಆ ತಳಿಯ ಮೀನುಗಳೂ ಕೊಳದ ನೀರಿನಲ್ಲಿ ತತ್ತಿಯಿಡುವುದು ಚುಚ್ಚುಮದ್ದಿನಿಂದಲೇ. ತಲೆಮಾರುಗಳ ಸಾಕಣೆಯ ತರುವಾಯವೂ ಅವುಗಳ ಮಿದುಳು ಪ್ರವಾಹದ ಸಾಕ್ಷ್ಯವಿಲ್ಲದೆ ಡೋಪಮೈನಿನ ತಡೆಯನ್ನು ಬಿಟ್ಟುಕೊಟ್ಟಿಲ್ಲ.